ಬಣ್ಣದ ಕಾಲಂ

ಅಮೆರಿಕದ ಲೂಯಿಸಿಯಾನದ ಮತದಾರರ ಪಟ್ಟಿಯಲ್ಲಿ 1896ರಲ್ಲಿ 1,30,334 ಕಪ್ಪು ಜನರಿದ್ದರು. 1904ಕ್ಕೆ ಉಳಿದದ್ದು 1,342. ನಡುವೆ ಬಂದದ್ದು 1898ರ ರಾಜ್ಯ ಸಂವಿಧಾನ. ಓದುಬರಹ ಇರಬೇಕು, ಇಲ್ಲವೇ ಆಸ್ತಿ ಇರಬೇಕು. 1867ಕ್ಕೆ ಮೊದಲೇ ಅಪ್ಪನೋ ಅಜ್ಜನೋ ವೋಟಿನ ಹಕ್ಕು ಪಡೆದಿದ್ದರೆ ಎಲ್ಲ ಮಾಫಿ. ಗುಲಾಮರಾಗಿದ್ದ ಅಜ್ಜಂದಿರಿಗೆ ಎಲ್ಲಿಯ ಹಕ್ಕು? ಆಗ ಯಾರಾದರೂ ‘ಇವರಿಗೆ ವೋಟಿನಲ್ಲಿ ಆಸಕ್ತಿಯಿಲ್ಲ’ ಎಂದು ಅಂದಾಜು ಕಟ್ಟಿದ್ದರೆ ಅಂಕಿ ಸರಿ ಬರುತ್ತಿತ್ತು, ಕಾರಣ ಶುದ್ಧ ಸುಳ್ಳು.

ಆಸಕ್ತಿಗೆ ಕೊರತೆಯಿರಲಿಲ್ಲ ಎಂಬುದಕ್ಕೆ ಮಿಸಿಸಿಪ್ಪಿಯೇ ಸಾಕ್ಷಿ: ಅಲ್ಲಿ 1965ರ ಮತದಾನ ಹಕ್ಕು ಕಾಯ್ದೆಗೆ ಮುಂಚೆ ನೂರಕ್ಕೆ ಏಳು ಕಪ್ಪು ಜನರೂ ನೋಂದಾಯಿತರಾಗಿರಲಿಲ್ಲ; ಎರಡೇ ವರ್ಷದಲ್ಲಿ ಅರವತ್ತರ ಹತ್ತಿರ ಬಂದರು.

ಯಾವ ಜನಾಂಗದವರು ಎಷ್ಟು ಮಂದಿ ವೋಟು ಹಾಕುತ್ತಾರೆಂದು ಅಂದಾಜು ಕಟ್ಟುವುದೇ ನನ್ನ ಹೊಟ್ಟೆಪಾಡು. ನಾನಿರುವ ನಾರ್ತ್ ಕ್ಯಾರೊಲಿನಾದಲ್ಲಿ ಮತದಾರರ ಪಟ್ಟಿಯನ್ನು ಯಾರು ಬೇಕಾದರೂ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಹೆಸರು, ವಿಳಾಸ, ಪಕ್ಷ, ಯಾವ್ಯಾವ ಚುನಾವಣೆಗೆ ಹೋಗಿದ್ದರು, ಎಲ್ಲವೂ ಅದರಲ್ಲಿದೆ. ವೋಟು ಯಾರಿಗೆ ಬಿತ್ತು ಎಂಬುದೊಂದಿಲ್ಲ. ಜೊತೆಗೆ ಒಂದಕ್ಷರದ ಕಾಲಂ: ಕಪ್ಪು ಜನರಿಗೆ ‘ಬಿ’, ಬಿಳಿಯರಿಗೆ ‘ಡಬ್ಲ್ಯು’. ನಾನು ಅದನ್ನು ತುಂಬಲಿಲ್ಲ, ಹಾಗಾಗಿ ‘ಯು’. ನಮ್ಮಂಥವರ ಜನಾಂಗವನ್ನು ಸರ್‌ನೇಮು, ಬೀದಿ ನೋಡಿ ಊಹಿಸುತ್ತಾರೆ. ವಾಷಿಂಗ್ಟನ್ ಸರ್‌ನೇಮಿನವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಕಪ್ಪು ಜನ, ಅಲ್ಲಿ ತಾಪತ್ರಯವಿಲ್ಲ. ನನ್ನದೋ ಅಜ್ಜನ ಊರಿನ ಹೆಸರು. ನೂರು ಮಂದಿಗಾದರೂ ಇಲ್ಲದ ಹೆಸರು ಜನಗಣತಿಯ ಸರ್‌ನೇಮ್ ಪಟ್ಟಿಗೆ ಸೇರುವುದೇ ಇಲ್ಲ. ಇನ್ನು ಮಂಗಳೂರಿನ ಪಿಂಟೋಗಳನ್ನೂ ಬ್ರೆಜಿಲ್ಲಿನ ಪಿಂಟೋಗಳನ್ನೂ ಹೆಸರಿನಿಂದ ಬೇರೆ ಮಾಡಿ ನೋಡೋಣ!

1964ರಿಂದ ಜನಗಣತಿ ಇಲಾಖೆ ಎರಡು ವರ್ಷಕ್ಕೊಮ್ಮೆ, ಚುನಾವಣೆ ಮುಗಿದ ಮೇಲೆ, ವೋಟು ಹಾಕಿದಿರಾ ಎಂದು ಜನರನ್ನೇ ಕೇಳುತ್ತದೆ. ಬೂತಿನ ಕಡೆ ತಲೆ ಹಾಕದವರೂ ಹೋಗಿದ್ದೆವು ಅನ್ನುವುದುಂಟು. ಆದರೂ ನಮಗೆ ಅದೇ ಆಧಾರ. ಅದರ ಪ್ರಕಾರ 2012ರಲ್ಲಿ, ಒಬಾಮಾ ಎರಡನೇ ಸಲ ನಿಂತಾಗ, ಕಪ್ಪು ಜನರ ಮತದಾನ ಶೇ. 66.2, ಬಿಳಿಯರದು 64.1. 2016ರಲ್ಲಿ ಕಪ್ಪು ಜನರದು 59.6ಕ್ಕೆ ಇಳಿಯಿತು.

ಒಬಾಮಾ ಕಣದಲ್ಲಿಲ್ಲದ್ದು ಒಂದು ಕಾರಣ ನಿಜ. ಆದರೆ ನಮ್ಮ ರಾಜ್ಯದ ಶಾಸಕರು ಯಾವ ಜನಾಂಗದವರು ಯಾವ ರೀತಿ ವೋಟು ಹಾಕುತ್ತಾರೆಂಬ ಲೆಕ್ಕ ತರಿಸಿಕೊಂಡು, 2013ರಲ್ಲಿ ಮುಂಗಡ ಮತದಾನವನ್ನು 17 ದಿನದಿಂದ 10ಕ್ಕೆ ಇಳಿಸಿದ್ದರು. ಹೀಗೆ ಕತ್ತರಿಸಿದ ಮೊದಲ ವಾರವನ್ನು ಬಿಳಿಯರಿಗಿಂತ ಕಪ್ಪು ಜನರೇ ಹೆಚ್ಚಾಗಿ ಬಳಸುತ್ತಿದ್ದರು. 2016ರ ಜುಲೈನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ 2013ರ ಆ ಕಾಯ್ದೆಯನ್ನು ಹೊಡೆದುಹಾಕಿತು. ದಿನಗಳು ವಾಪಸ್ಸು ಬಂದವು, ಮತಗಟ್ಟೆಗಳು ಬರಲಿಲ್ಲ: ಗಿಲ್‌ಫರ್ಡ್ ಕೌಂಟಿಯಲ್ಲಿ ಮೊದಲ ವಾರ ತೆರೆದದ್ದು ಒಂದೇ ಒಂದು. ಆ ವಾರದ ಅಂಕಿಯನ್ನು 2012ರದರ ಪಕ್ಕ ಇಟ್ಟು, ಕಪ್ಪು ಜನರಲ್ಲಿ ಈ ಸಲ ಉತ್ಸಾಹವಿಲ್ಲ ಎಂದು ಟಿವಿಯವರು ಹೇಳುತ್ತಿದ್ದರು.