ಚಂದ್ರಶೇಖರ್ ಬಲಗೈ: ಒಂದು ಮರುಪರಿಶೀಲನೆ

ಬಿ.ಎಸ್. ಚಂದ್ರಶೇಖರ್ ಬಗ್ಗೆ ಬರೆದವರೆಲ್ಲ ಪೋಲಿಯೊದಿಂದಲೇ ಶುರು ಮಾಡುತ್ತಾರೆ. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಹುಡುಗನ ಬಲಗೈ ಎಳವೆಯಲ್ಲೇ ಸೊರಗಿತು. ಆ ಸಣಕಲು ಕೈಯೇ ಚಾಟಿಯಂತೆ ಬೀಸಿ ವಿಕೆಟ್ ಕಿತ್ತಿತು ಎಂಬುದು ವಾಡಿಕೆಯ ವಿವರಣೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಆಟದ ದಾಖಲೆ ನೋಡಿದರೆ ಅಷ್ಟಕ್ಕೇ ನಿಲ್ಲಲಾಗದು.

1971ರ ಆಗಸ್ಟ್‌ನ ಓವಲ್ ಟೆಸ್ಟನ್ನೇ ತೆಗೆದುಕೊಳ್ಳಿ. ಮೊದಲ ಇನಿಂಗ್ಸ್‌ನಲ್ಲಿ 71 ರನ್ ಹಿಂದಿದ್ದ ಭಾರತ, ಎರಡನೆಯದರಲ್ಲಿ ಇಂಗ್ಲೆಂಡನ್ನು 101ಕ್ಕೆ ಉರುಳಿಸಿತು. ಚಂದ್ರ 38 ರನ್ನಿಗೆ 6 ವಿಕೆಟ್ ಪಡೆದರು. ಲಕ್‌ಹರ್ಸ್ಟ್ ನೇರವಾಗಿ ಹೊಡೆದ ಚೆಂಡು ಚಂದ್ರರ ಕೈ ಸವರಿ ವಿಕೆಟ್‌ಗೆ ಬಡಿದು, ಆಚೆ ತುದಿಯಲ್ಲಿದ್ದ ಜೇಮ್ಸನ್ ರನೌಟ್ ಆದದ್ದು ಅದೃಷ್ಟವೆನ್ನೋಣ. ಊಟದ ವಿರಾಮಕ್ಕೆ ಮುಂಚಿನ ಎಡ್ರಿಚ್ ವಿಕೆಟ್ ಹಾಗಲ್ಲ. ದಿಲೀಪ್ ಸರ್‌ದೇಸಾಯಿ ಆ ವರ್ಷ ಡರ್ಬಿ ಗೆದ್ದ ಕುದುರೆಯ ಹೆಸರು ಹೇಳಿ 'ಮಿಲ್ ರೀಫ್' ಹಾಕು ಎಂದರಂತೆ, ಅಂದರೆ ವೇಗದ ಎಸೆತ. ಬ್ಯಾಟು ಕೆಳಗಿಳಿಯುವ ಮೊದಲೇ ಸ್ಟಂಪ್ ಹಾರಿತ್ತು. ಮರುಚೆಂಡಿಗೆ ಫ್ಲೆಚರ್ ಸೋಲ್ಕರ್ ಕೈಗೆ ಕ್ಯಾಚಿತ್ತರು. ಮುಂದೆ ಇಲಿಂಗ್‌ವರ್ತ್ ಮತ್ತು ಸ್ನೋ ಇಬ್ಬರ ಕ್ಯಾಚನ್ನೂ ಬೌಲರ್ ತಾವೇ ಹಿಡಿದರು. ಕೈಲಾಗದವನ ಪವಾಡದ ಕಥೆಗೆ ಈ ಸ್ಕೋರ್‌ಕಾರ್ಡ್ ಒಗ್ಗುವುದಿಲ್ಲ. ಇಲ್ಲಿ ದುಡಿದದ್ದು ವೇಗದ ಲೆಕ್ಕ. ಸ್ಪಿನ್ನರ್ ಆಗಿಯೂ ಉದ್ದಕ್ಕೆ ಓಡಿಬಂದು, ಮಧ್ಯಮ ವೇಗಿಯ ಬಿರುಸಿನಲ್ಲಿ ಗೂಗ್ಲಿಯನ್ನೂ ಟಾಪ್ ಸ್ಪಿನ್ನನ್ನೂ ಹಾಕುತ್ತಿದ್ದ ಚಂದ್ರರ ಎದುರು ಕ್ರೀಸ್ ಬಿಟ್ಟು ಮುನ್ನುಗ್ಗಲು ಬ್ಯಾಟ್ಸ್‌ಮನ್‌ಗೆ ಪುರಸೊತ್ತೇ ಸಿಗುತ್ತಿರಲಿಲ್ಲ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಇಂಥದ್ದೇ ಒಂದು ಪ್ರಕರಣವಿದೆ. ಇಂಡಿಯಾನದ ಮೊರ್ಡಕೈ ಬ್ರೌನ್ ಬಾಲ್ಯದಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಬಲಗೈಯ ತೋರುಬೆರಳು ಕೊಟ್ಟವನು. ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತ, ಗಣಿಯೂರಿನ ತಂಡದಲ್ಲಿ ಆಡುತ್ತ ಪಿಚರ್ ಆದ. 1903ರಿಂದ 1916ರವರೆಗೆ 239 ಪಂದ್ಯ ಗೆದ್ದ. ಊನಗೈಯಿಂದ ಬಿಟ್ಟ ಚೆಂಡು ವಿಚಿತ್ರವಾಗಿ ಬಾಗುತ್ತಿತ್ತೆಂದು ಅವನ ಬಗ್ಗೆಯೂ ಹೇಳುವುದುಂಟು. ಆದರೆ ಒಂದು ವ್ಯತ್ಯಾಸ ಮುಖ್ಯ: ಬ್ರೌನ್‌ಗೆ ಪಿಚಿಂಗೇ ಸಂಬಳದ ಕೆಲಸ. ಚಂದ್ರರ ಕಾಲದ ಭಾರತದಲ್ಲಿ ಬೌಲಿಂಗನ್ನೇ ನಂಬಿ ಸಂಸಾರ ನಡೆಸುವಂತಿರಲಿಲ್ಲ. ಬ್ಯಾಂಕಿನ ನೌಕರಿಯೇ ಎಷ್ಟೋ ಆಟಗಾರರಿಗೆ ಆಧಾರ.

ಹಾಗಾಗಿ ವೃತ್ತಿಜೀವನ ಎಂಬ ಪದವನ್ನು ಇಲ್ಲಿ ಸಡಿಲವಾಗಿಯೇ ಬಳಸಬೇಕು. 1964ರಲ್ಲಿ ಬೊಂಬಾಯಿಯಲ್ಲಿ ಟೆಸ್ಟ್ ಪ್ರವೇಶ. 1968ರ ಆರಂಭದಿಂದ 1971ರವರೆಗೆ ಟೆಸ್ಟ್‌ನಿಂದಲೇ ಹೊರಗೆ. ಮರಳಿದ ಬಳಿಕವೇ ಓವಲ್. 1972-73ರಲ್ಲಿ ಇಂಗ್ಲೆಂಡ್ ವಿರುದ್ಧ ತವರಿನ ಸರಣಿಯಲ್ಲಿ 35 ವಿಕೆಟ್. ಮೆಲ್ಬರ್ನ್‌ನಲ್ಲಿ 1977-78ರ ಟೆಸ್ಟ್‌ನ ಎರಡೂ ಇನಿಂಗ್ಸ್‌ಗಳಲ್ಲಿ 52 ರನ್ನಿಗೆ ಆರಾರು ವಿಕೆಟ್. ಆಸ್ಟ್ರೇಲಿಯಾ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. 1973-74ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ವರ್ಷವೇ, ಬೊಂಬಾಯಿಯ 15 ವರ್ಷಗಳ ಯಜಮಾನಿಕೆ ಮುರಿದು ರಣಜಿ ಟ್ರೋಫಿ ಮೊದಲ ಬಾರಿ ನಮ್ಮ ಕಡೆಗೆ ಬಂತು. ನಾಯಕ ಪ್ರಸನ್ನ, ಇನ್ನೊಂದು ತುದಿಗೆ ಚಂದ್ರ.

58 ಟೆಸ್ಟ್‌ಗಳಲ್ಲಿ ಅವರ ವಿಕೆಟ್ 242, ರನ್ 167. ಈ ತಮಾಷೆಯ ಅಂಕಿಯನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕಿಂತ ತೂಕದ ಅಂಕಿ ಬೇರೆ ಇದೆ: ಅವರಿದ್ದ ತಂಡ ಗೆದ್ದ 14 ಟೆಸ್ಟ್‌ಗಳಲ್ಲಿ ಅವರ ಪಾಲು 98 ವಿಕೆಟ್.