ಅವಲಂಬಿತ ಡ್ರಾಪ್‌ಡೌನ್ ಪಟ್ಟಿ (ಪದಸಂಸ್ಕಾರಕ)

ಅವಲಂಬಿತ ಡ್ರಾಪ್‌ಡೌನ್ ಪಟ್ಟಿ ಎಂದರೆ ನಮೂನೆಯೊಂದರಲ್ಲಿ ಮೊದಲು ಮಾಡಿದ ಆಯ್ಕೆಗೆ ತಕ್ಕಂತೆ ತನ್ನ ಅಂಶಗಳನ್ನು ಬದಲಾಯಿಸಿಕೊಳ್ಳುವ ಆಯ್ಕೆಪಟ್ಟಿ. ಮೊದಲ ಪಟ್ಟಿಯನ್ನು ಮೂಲಪಟ್ಟಿ ಎಂದೂ ಅದನ್ನು ಅನುಸರಿಸುವ ಎರಡನೆಯದನ್ನು ಉಪಪಟ್ಟಿ ಎಂದೂ ಕರೆಯಬಹುದು. ಉದಾಹರಣೆಗೆ, ಅರ್ಜಿ ನಮೂನೆಯಲ್ಲಿ ಕಂದಾಯ ವಿಭಾಗವನ್ನು ಆರಿಸಿದ ಕೂಡಲೇ ಮುಂದಿನ ಪಟ್ಟಿಯಲ್ಲಿ ಆ ವಿಭಾಗದ ಜಿಲ್ಲೆಗಳು ಮಾತ್ರ ಕಾಣಿಸಿಕೊಳ್ಳುವಂತೆ ಮಾಡಬಹುದು. ಮೈಕ್ರೋಸಾಫ್ಟ್ ವರ್ಡ್‌ನಂತಹ ಪದಸಂಸ್ಕಾರಕಗಳಲ್ಲಿ (ವರ್ಡ್ ಪ್ರೊಸೆಸರ್) ಎರಡು ಪಟ್ಟಿಗಳನ್ನು ಹೀಗೆ ಜೋಡಿಸುವ ಸಿದ್ಧ ಸೌಲಭ್ಯವಿಲ್ಲ. ಆದುದರಿಂದ ಈ ಕೆಲಸಕ್ಕೆ ಮ್ಯಾಕ್ರೋಗಳನ್ನು, ಅಂದರೆ ದಾಖಲೆಯೊಳಗೇ ಉಳಿದು ಕೆಲಸ ಮಾಡುವ ಕಿರು ಪ್ರೋಗ್ರಾಂಗಳನ್ನು ಬಳಸಲಾಗುತ್ತದೆ. ವರ್ಡ್‌ನ ಮ್ಯಾಕ್ರೋಗಳನ್ನು ವಿಷುವಲ್ ಬೇಸಿಕ್ ಫಾರ್ ಅಪ್ಲಿಕೇಶನ್ಸ್ (ವಿಬಿಎ) ಭಾಷೆಯಲ್ಲಿ ಬರೆಯಲಾಗುತ್ತದೆ.

## ಉದ್ದೇಶ

ಅವಲಂಬಿತ ಪಟ್ಟಿಯ ಮುಖ್ಯ ಉದ್ದೇಶ ಪರಸ್ಪರ ಹೊಂದದ ಮಾಹಿತಿ ನಮೂನೆಯೊಳಗೆ ಸೇರದಂತೆ ತಡೆಯುವುದು. ಕರ್ನಾಟಕದ 31 ಜಿಲ್ಲೆಗಳು ನಾಲ್ಕು ಕಂದಾಯ ವಿಭಾಗಗಳಲ್ಲಿ ಹೀಗೆ ಹಂಚಿಹೋಗಿವೆ:

- ಬೆಂಗಳೂರು ವಿಭಾಗ (9): ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ), ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ದಾವಣಗೆರೆ, ಶಿವಮೊಗ್ಗ
- ಮೈಸೂರು ವಿಭಾಗ (8): ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ, ಕೊಡಗು, ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿ
- ಬೆಳಗಾವಿ ವಿಭಾಗ (7): ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಧಾರವಾಡ, ಹಾವೇರಿ, ಉತ್ತರ ಕನ್ನಡ
- ಕಲಬುರಗಿ ವಿಭಾಗ (7): ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ

ಇವುಗಳಲ್ಲಿ ವಿಜಯಪುರ ಬೆಳಗಾವಿ ವಿಭಾಗಕ್ಕೂ ವಿಜಯನಗರ ಕಲಬುರಗಿ ವಿಭಾಗಕ್ಕೂ ಸೇರಿವೆ. ಎಲ್ಲ ಹೆಸರುಗಳೂ ಒಂದೇ ಪಟ್ಟಿಯಲ್ಲಿದ್ದರೆ ಇಂತಹ ಹೋಲುವ ಹೆಸರುಗಳಲ್ಲಿ ಒಂದರ ಬದಲು ಇನ್ನೊಂದನ್ನು ಆರಿಸುವ ಸಂಭವ ಹೆಚ್ಚು. ವಿಭಾಗಕ್ಕೆ ತಕ್ಕಂತೆ ಬದಲಾಗುವ ಪಟ್ಟಿಯಲ್ಲಿ ಈ ಎರಡು ಹೆಸರುಗಳು ಎಂದೂ ಒಟ್ಟಿಗೆ ಕಾಣಿಸುವುದಿಲ್ಲ.

ಇನ್ನೊಂದು ಕಾರಣ ತಾಂತ್ರಿಕವಾದುದು. ವರ್ಡ್‌ನ ಹಳೆಯ ಮಾದರಿಯ ಡ್ರಾಪ್‌ಡೌನ್ ಫಾರ್ಮ್ ಫೀಲ್ಡ್ ಗರಿಷ್ಠ 25 ಅಂಶಗಳನ್ನು ಮಾತ್ರ ಹಿಡಿಯಬಲ್ಲದು. 31 ಜಿಲ್ಲೆಗಳನ್ನು ಅಂತಹ ಒಂದೇ ಪಟ್ಟಿಯಲ್ಲಿ ತುಂಬಲು ಸಾಧ್ಯವಿಲ್ಲ. ವಿಭಾಗವಾರು ಒಡೆದಾಗ ಅತಿ ದೊಡ್ಡ ಪಟ್ಟಿಯಲ್ಲೂ ಒಂಬತ್ತೇ ಹೆಸರುಗಳಿರುತ್ತವೆ.

## ವರ್ಡ್‌ನಲ್ಲಿರುವ ಪಟ್ಟಿಗಳ ಬಗೆಗಳು

ವರ್ಡ್‌ನಲ್ಲಿ ಡ್ರಾಪ್‌ಡೌನ್ ಪಟ್ಟಿಯನ್ನು ಮುಖ್ಯವಾಗಿ ಮೂರು ಬಗೆಯಲ್ಲಿ ರಚಿಸಬಹುದು.

- ಫಾರ್ಮ್ ಫೀಲ್ಡ್: ಇದು ಹಳೆಯ ಮಾದರಿ. ಇಂದಿನ ಆವೃತ್ತಿಗಳಲ್ಲಿ ಡೆವಲಪರ್ ಟ್ಯಾಬ್‌ನ ‘ಲೆಗಸಿ ಟೂಲ್ಸ್’ ಗುಂಡಿಯ ಕೆಳಗೆ ದೊರೆಯುತ್ತದೆ. ದಾಖಲೆಯನ್ನು ‘ನಮೂನೆ ಭರ್ತಿಗೆ ಮಾತ್ರ’ ಎಂದು ರಕ್ಷಿಸಿದಾಗಲೇ ಇದು ಪಟ್ಟಿಯಂತೆ ತೆರೆದುಕೊಳ್ಳುತ್ತದೆ.
- ಕಂಟೆಂಟ್ ಕಂಟ್ರೋಲ್: ವರ್ಡ್ 2007ರಲ್ಲಿ ಬಂದ ಮಾದರಿ. ಇದಕ್ಕೆ 25 ಅಂಶಗಳ ಮಿತಿಯಿಲ್ಲ, ದಾಖಲೆಯನ್ನು ರಕ್ಷಿಸಬೇಕಾದ ಕಡ್ಡಾಯವೂ ಇಲ್ಲ.
- ಯೂಸರ್‌ಫಾರ್ಮ್: ದಾಖಲೆಯ ಮೇಲೆ ಪ್ರತ್ಯೇಕ ಕಿಟಕಿಯಾಗಿ ತೆರೆದುಕೊಳ್ಳುವ ನಮೂನೆ. ಭರ್ತಿ ಮಾಡಿದ ಮಾಹಿತಿಯನ್ನು ಮ್ಯಾಕ್ರೋ ದಾಖಲೆಯ ಸರಿಯಾದ ಜಾಗಗಳಿಗೆ ಬರೆಯುತ್ತದೆ.

ಯೂಸರ್‌ಫಾರ್ಮ್‌ನ ಪಟ್ಟಿಗೆ ‘ಚೇಂಜ್’ ಎಂಬ ಘಟನೆ (ಈವೆಂಟ್) ಇರುವುದರಿಂದ ಆಯ್ಕೆ ಬದಲಾದ ಕ್ಷಣದಲ್ಲೇ ಉಪಪಟ್ಟಿಯನ್ನು ನವೀಕರಿಸಬಹುದು. ಉಳಿದೆರಡು ಬಗೆಗಳಲ್ಲಿ, ಬಳಕೆದಾರರು ಮೂಲಪಟ್ಟಿಯನ್ನು ಬಿಟ್ಟು ಹೊರಬಂದಾಗ ಮ್ಯಾಕ್ರೋ ಓಡುವಂತೆ ಏರ್ಪಡಿಸುವುದು ರೂಢಿ.

## ಫಾರ್ಮ್ ಫೀಲ್ಡ್ ಬಳಸುವ ವಿಧಾನ

1. ಫೈಲ್ ಮೆನುವಿನ ಆಪ್ಷನ್ಸ್‌ನಲ್ಲಿ ‘ಕಸ್ಟಮೈಸ್ ರಿಬ್ಬನ್’ ತೆರೆದು ಡೆವಲಪರ್ ಟ್ಯಾಬ್ ಅನ್ನು ಸಕ್ರಿಯಗೊಳಿಸಬೇಕು.
2. ಲೆಗಸಿ ಟೂಲ್ಸ್‌ನಿಂದ ಎರಡು ಡ್ರಾಪ್‌ಡೌನ್ ಫಾರ್ಮ್ ಫೀಲ್ಡ್‌ಗಳನ್ನು ದಾಖಲೆಯಲ್ಲಿ ಸೇರಿಸಬೇಕು.
3. ಪ್ರತಿಯೊಂದರ ಪ್ರಾಪರ್ಟೀಸ್ ಕಿಟಕಿಯಲ್ಲಿ ಬುಕ್‌ಮಾರ್ಕ್ ಹೆಸರು ಕೊಡಬೇಕು. ಮ್ಯಾಕ್ರೋ ಈ ಹೆಸರಿನಿಂದಲೇ ಪಟ್ಟಿಯನ್ನು ಗುರುತಿಸುತ್ತದೆ. ಹೆಸರಿನ ನಡುವೆ ಖಾಲಿ ಜಾಗ ಇರಕೂಡದು. ಅದನ್ನು ಲ್ಯಾಟಿನ್ ಅಕ್ಷರಗಳಲ್ಲಿ ಇಡುವುದು ಅನುಕೂಲ.
4. ಮೂಲಪಟ್ಟಿಯ ಮೊದಲ ಅಂಶವಾಗಿ ‘ಆಯ್ಕೆ ಮಾಡಿ’ ಎಂದು ಬರೆದು, ಅನಂತರ ನಾಲ್ಕು ವಿಭಾಗಗಳ ಹೆಸರುಗಳನ್ನು ಸೇರಿಸಬೇಕು.
5. ಆಲ್ಟ್ ಮತ್ತು ಎಫ್11 ಕೀಲಿಗಳನ್ನು ಒಟ್ಟಿಗೆ ಒತ್ತಿ ವಿಬಿಎ ಸಂಪಾದಕವನ್ನು ತೆರೆದು, ಹೊಸ ಮಾಡ್ಯೂಲ್‌ನಲ್ಲಿ ಮ್ಯಾಕ್ರೋ ಬರೆಯಬೇಕು.
6. ಮೂಲಪಟ್ಟಿಯ ಪ್ರಾಪರ್ಟೀಸ್‌ನಲ್ಲಿ ‘ಎಕ್ಸಿಟ್’ ಎಂಬ ಜಾಗದಲ್ಲಿ ಆ ಮ್ಯಾಕ್ರೋವನ್ನು ಆರಿಸಬೇಕು.
7. ‘ರಿಸ್ಟ್ರಿಕ್ಟ್ ಎಡಿಟಿಂಗ್’ ಮೂಲಕ ದಾಖಲೆಯನ್ನು ನಮೂನೆ ಭರ್ತಿಗೆ ಮಾತ್ರ ಎಂದು ರಕ್ಷಿಸಬೇಕು.
8. ಕಡತವನ್ನು ಡಾಕ್‌ಎಂ ಅಥವಾ ಟೆಂಪ್ಲೇಟ್‌ಗಳ ಡಾಟ್‌ಎಂ ಮಾದರಿಯಲ್ಲಿ ಉಳಿಸಬೇಕು. ಸಾಮಾನ್ಯ ಡಾಕ್‌ಎಕ್ಸ್ ಕಡತದಲ್ಲಿ ಮ್ಯಾಕ್ರೋ ಉಳಿಯುವುದಿಲ್ಲ.

ನಾಲ್ಕನೆಯ ಹಂತದ ‘ಆಯ್ಕೆ ಮಾಡಿ’ ಎಂಬ ಅಂಶಕ್ಕೆ ವಿಶೇಷ ಮಹತ್ವವಿದೆ. ಫಾರ್ಮ್ ಫೀಲ್ಡ್ ಪಟ್ಟಿಯು ಬಳಕೆದಾರರು ಏನನ್ನೂ ಮುಟ್ಟದಿದ್ದರೂ ತನ್ನ ಮೊದಲ ಅಂಶವನ್ನೇ ಉತ್ತರವೆಂದು ತೋರಿಸುತ್ತದೆ. ಆ ಜಾಗದಲ್ಲಿ ‘ಬೆಂಗಳೂರು’ ಎಂದಿದ್ದರೆ, ಪಟ್ಟಿಯನ್ನು ಗಮನಿಸದೆ ಮುಂದೆ ಹೋದ ಅರ್ಜಿದಾರರೆಲ್ಲರೂ ಬೆಂಗಳೂರು ವಿಭಾಗದವರೆಂದು ದಾಖಲಾಗುತ್ತಾರೆ.

### ಮ್ಯಾಕ್ರೋದ ತರ್ಕ

ಮ್ಯಾಕ್ರೋ ಅನುಸರಿಸಬೇಕಾದ ಕ್ರಮ ಹೀಗಿದೆ:

1. ಮೂಲಪಟ್ಟಿಯಲ್ಲಿ ಆಯ್ಕೆಯಾದ ಅಂಶದ ಕ್ರಮಸಂಖ್ಯೆಯನ್ನು ‘ವ್ಯಾಲ್ಯೂ’ ಗುಣದಿಂದ ಓದುವುದು.
2. ಅದು ಹಿಂದಿನ ಬಾರಿ ಓದಿದ ಸಂಖ್ಯೆಯೇ ಆಗಿದ್ದರೆ ಏನನ್ನೂ ಬದಲಾಯಿಸದೆ ನಿಲ್ಲುವುದು.
3. ಬೇರೆಯಾಗಿದ್ದರೆ, ಉಪಪಟ್ಟಿಯ ‘ಲಿಸ್ಟ್‌ಎಂಟ್ರೀಸ್’ ಸಂಗ್ರಹವನ್ನು ‘ಕ್ಲಿಯರ್’ ಆದೇಶದಿಂದ ಬರಿದು ಮಾಡುವುದು.
4. ‘ಆ್ಯಡ್’ ಆದೇಶದಿಂದ ಮೊದಲು ‘ಆಯ್ಕೆ ಮಾಡಿ’ ಎಂಬುದನ್ನೂ ಬಳಿಕ ಆ ವಿಭಾಗದ ಜಿಲ್ಲೆಗಳನ್ನೂ ಒಂದೊಂದಾಗಿ ಸೇರಿಸುವುದು.
5. ಉಪಪಟ್ಟಿಯ ಆಯ್ಕೆಯನ್ನು ಮೊದಲ ಅಂಶಕ್ಕೆ ಮರಳಿಸಿ, ಮೂಲಪಟ್ಟಿಯ ಹೊಸ ಸಂಖ್ಯೆಯನ್ನು ದಾಖಲೆಯ ಚರಾಂಶದಲ್ಲಿ (ಡಾಕ್ಯುಮೆಂಟ್ ವೇರಿಯಬಲ್) ನೆನಪಿಗೆ ಇಟ್ಟುಕೊಳ್ಳುವುದು.

ಎರಡನೆಯ ಹಂತ ಇಲ್ಲದಿದ್ದರೆ, ಬಳಕೆದಾರರು ಟ್ಯಾಬ್ ಕೀಲಿಯಿಂದ ಮೂಲಪಟ್ಟಿಯನ್ನು ಸುಮ್ಮನೆ ದಾಟಿ ಹೋದಾಗಲೂ ಅವರು ಈಗಾಗಲೇ ಆರಿಸಿದ್ದ ಜಿಲ್ಲೆ ಅಳಿಸಿಹೋಗುತ್ತದೆ. ಮೂರನೆಯ ಹಂತ ಇಲ್ಲದಿದ್ದರೆ ಹಳೆಯ ವಿಭಾಗದ ಜಿಲ್ಲೆಗಳ ಕೆಳಗೆ ಹೊಸ ವಿಭಾಗದ ಜಿಲ್ಲೆಗಳು ಸೇರುತ್ತ ಹೋಗಿ, 25ರ ಮಿತಿ ಮೀರಿದಾಗ ಮ್ಯಾಕ್ರೋ ದೋಷ ತೋರಿಸಿ ನಿಲ್ಲುತ್ತದೆ.

ವಿಭಾಗ, ಜಿಲ್ಲೆ, ತಾಲ್ಲೂಕು ಎಂಬಂತೆ ಮೂರು ಹಂತಗಳಿದ್ದರೆ, ವಿಭಾಗ ಬದಲಾದಾಗ ಜಿಲ್ಲೆಯ ಪಟ್ಟಿಯನ್ನಷ್ಟೇ ಅಲ್ಲದೆ ತಾಲ್ಲೂಕಿನ ಪಟ್ಟಿಯನ್ನೂ ಬರಿದು ಮಾಡಬೇಕಾಗುತ್ತದೆ.

## ಕಂಟೆಂಟ್ ಕಂಟ್ರೋಲ್ ಬಳಸುವ ವಿಧಾನ

ಕಂಟೆಂಟ್ ಕಂಟ್ರೋಲ್‌ಗಳಲ್ಲಿ ಪ್ರತಿ ಪಟ್ಟಿಗೂ ಪ್ರತ್ಯೇಕ ಮ್ಯಾಕ್ರೋ ನೇಮಿಸುವುದಿಲ್ಲ. ಯಾವ ಕಂಟ್ರೋಲ್‌ನಿಂದ ಹೊರಬಂದರೂ ದಾಖಲೆಯ ‘ಕಂಟೆಂಟ್‌ಕಂಟ್ರೋಲ್‌ಆನ್‌ಎಕ್ಸಿಟ್’ ಎಂಬ ಒಂದೇ ಘಟನೆ ನಡೆಯುತ್ತದೆ. ಇದರ ಸಂಕೇತವನ್ನು ‘ದಿಸ್‌ಡಾಕ್ಯುಮೆಂಟ್’ ಮಾಡ್ಯೂಲ್‌ನಲ್ಲಿ ಬರೆದು, ಕಂಟ್ರೋಲ್‌ನ ಶೀರ್ಷಿಕೆ ಅಥವಾ ಟ್ಯಾಗ್ ನೋಡಿ ಅದು ಮೂಲಪಟ್ಟಿಯೇ ಎಂದು ಪರೀಕ್ಷಿಸಲಾಗುತ್ತದೆ.

ಇಲ್ಲಿನ ಪ್ರತಿ ಅಂಶಕ್ಕೂ ತೋರಿಕೆಯ ಹೆಸರು ಮತ್ತು ಮೌಲ್ಯ ಎಂಬ ಎರಡು ಭಾಗಗಳಿವೆ. ಕಣ್ಣಿಗೆ ‘ಕೊಡಗು’ ಎಂದು ಕಂಡರೂ ಮೌಲ್ಯವಾಗಿ ಒಂದು ಸಂಕೇತ ಸಂಖ್ಯೆಯನ್ನು ಇಡಬಹುದು. ಒಂದು ಪಟ್ಟಿಯೊಳಗೆ ಒಂದೇ ಹೆಸರನ್ನಾಗಲಿ ಮೌಲ್ಯವನ್ನಾಗಲಿ ಎರಡು ಬಾರಿ ಸೇರಿಸಲು ವರ್ಡ್ ಬಿಡುವುದಿಲ್ಲ.

ಈ ವಿಧಾನದಲ್ಲಿ ಎಚ್ಚರ ಬೇಕಾದ ಅಂಶವೊಂದಿದೆ. ಉಪಪಟ್ಟಿಯ ಅಂಶಗಳನ್ನು ಅಳಿಸಿದರೂ ಹಿಂದೆ ಆರಿಸಿದ್ದ ಹೆಸರು ದಾಖಲೆಯ ಮೇಲೆ ಹಾಗೆಯೇ ಉಳಿಯುತ್ತದೆ. ಮೈಸೂರು ವಿಭಾಗ ಮತ್ತು ಹಾಸನ ಜಿಲ್ಲೆಯನ್ನು ಆರಿಸಿ, ಬಳಿಕ ವಿಭಾಗವನ್ನು ಕಲಬುರಗಿ ಎಂದು ಬದಲಾಯಿಸಿದರೆ, ಪಟ್ಟಿಯೊಳಗೆ ಬೀದರ್, ರಾಯಚೂರು ಮೊದಲಾದವು ಬಂದಿದ್ದರೂ ಮೇಲ್ಗಡೆ ‘ಹಾಸನ’ ಎಂದೇ ಇರುತ್ತದೆ. ಮುದ್ರಿಸಿದ ಅರ್ಜಿಯಲ್ಲೂ ಅದೇ ಉಳಿಯುತ್ತದೆ. ಡ್ರಾಪ್‌ಡೌನ್ ಕಂಟ್ರೋಲ್‌ನ ಪಠ್ಯವನ್ನು ಮ್ಯಾಕ್ರೋ ನೇರವಾಗಿ ತಿದ್ದಲು ವರ್ಡ್ ಅವಕಾಶ ಕೊಡುವುದಿಲ್ಲವಾದ್ದರಿಂದ, ಕಂಟ್ರೋಲ್‌ನ ಬಗೆಯನ್ನು ತಾತ್ಕಾಲಿಕವಾಗಿ ಸರಳ ಪಠ್ಯಕ್ಕೆ ಬದಲಾಯಿಸಿ, ಪಠ್ಯವನ್ನು ಅಳಿಸಿ, ಮತ್ತೆ ಡ್ರಾಪ್‌ಡೌನ್‌ಗೆ ಮರಳಿಸುವ ಉಪಾಯವನ್ನು ಬಳಸಲಾಗುತ್ತದೆ. ಹೊಸ ಪಟ್ಟಿಯ ಮೊದಲ ಅಂಶವನ್ನು ‘ಸೆಲೆಕ್ಟ್’ ಆದೇಶದಿಂದ ಆರಿಸುವುದು ಇನ್ನೊಂದು ದಾರಿ.

ದಾಖಲೆ ರಕ್ಷಿತವಾಗಿದ್ದರೆ ಇಂತಹ ಬದಲಾವಣೆಗೆ ಮುನ್ನ ರಕ್ಷಣೆಯನ್ನು ತೆಗೆದು, ಕೆಲಸ ಮುಗಿದ ಮೇಲೆ ಮರಳಿ ಹಾಕಬೇಕಾಗಬಹುದು. ಆಗ ‘ನೋರೀಸೆಟ್’ ಎಂಬ ಆಯ್ಕೆಯನ್ನು ನಿಜ ಎಂದು ಕೊಡಬೇಕು. ಇಲ್ಲದಿದ್ದರೆ ದಾಖಲೆಯಲ್ಲಿರುವ ಹಳೆಯ ಮಾದರಿಯ ಫಾರ್ಮ್ ಫೀಲ್ಡ್‌ಗಳೆಲ್ಲ ಆರಂಭದ ಸ್ಥಿತಿಗೆ ಹೋಗಿ, ತುಂಬಿದ ಮಾಹಿತಿ ಅಳಿಯುತ್ತದೆ.

## ಕನ್ನಡ ಲಿಪಿಯ ಪಟ್ಟಿಗಳು

ವರ್ಡ್ ದಾಖಲೆ ಯುನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸಿದರೂ ವಿಬಿಎ ಸಂಪಾದಕಕ್ಕೆ ಯುನಿಕೋಡ್ ಬೆಂಬಲವಿಲ್ಲ. ಅದು ವಿಂಡೋಸ್‌ನ ಹಳೆಯ ಸಂಕೇತಪುಟಗಳನ್ನು ಅವಲಂಬಿಸಿದೆ. ಸಾಮಾನ್ಯ ವಿಂಡೋಸ್ ವ್ಯವಸ್ಥೆಯಲ್ಲಿ ಕನ್ನಡದ ಹೆಸರನ್ನು ಸಂಪಾದಕದಲ್ಲಿ ನೇರವಾಗಿ ಬರೆದರೆ ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. ‘ಮೆಸೇಜ್‌ಬಾಕ್ಸ್’ ಆದೇಶದಿಂದ ತೋರಿಸುವ ಸೂಚನೆಗಳಿಗೂ ಇದೇ ತೊಡಕಿದೆ. ಇದಕ್ಕೆ ಎರಡು ಪರಿಹಾರಗಳಿವೆ.

ಮೊದಲನೆಯದು, ‘ಸಿಎಚ್‌ಆರ್‌ಡಬ್ಲ್ಯೂ’ ಎಂಬ ಫಂಕ್ಷನ್ ಮೂಲಕ ಪ್ರತಿ ಅಕ್ಷರವನ್ನು ಅದರ ಯುನಿಕೋಡ್ ಸಂಖ್ಯೆಯಿಂದ ಕಟ್ಟುವುದು. ದಶಮಾನ ಪದ್ಧತಿಯಲ್ಲಿ ಕನ್ನಡಕ್ಕೆ ಮೀಸಲಾದ ಸಂಖ್ಯೆಗಳು 3200ರಿಂದ 3327ರವರೆಗೆ ಇವೆ. ‘ಗದಗ’ ಎಂಬುದಕ್ಕೆ 3223, 3238, 3223 ಎಂಬ ಮೂರು ಸಂಖ್ಯೆಗಳು ಸಾಕು. ‘ಬೀದರ್’ ಎಂಬುದಕ್ಕೆ 3244, 3264, 3238, 3248, 3277 ಎಂಬ ಐದು ಬೇಕು. ಒಂದೆರಡು ಪದಗಳಿಗೆ ಇದು ಸರಿ, 31 ಜಿಲ್ಲೆಗಳಿಗೆ ಪ್ರಯಾಸಕರ.

ಎರಡನೆಯದು, ಹೆಸರುಗಳನ್ನು ಮ್ಯಾಕ್ರೋದೊಳಗೆ ಬರೆಯದೆ ದಾಖಲೆಯಲ್ಲಿಯೇ ಒಂದು ಕೋಷ್ಟಕದಲ್ಲೋ ದಾಖಲೆಗೆ ಸೇರಿಸಿದ ಎಕ್ಸ್‌ಎಂಎಲ್ ಭಾಗದಲ್ಲೋ ಇಟ್ಟು ಮ್ಯಾಕ್ರೋ ಅಲ್ಲಿಂದ ಓದುವಂತೆ ಮಾಡುವುದು. ಕೋಷ್ಟಕದ ಒಂದು ಕೋಶದ ಪಠ್ಯವನ್ನು ಓದಿದಾಗ ಅದರ ಕೊನೆಯಲ್ಲಿ ಕೋಶಾಂತ್ಯದ ಗುರುತಾಗಿ ಕಣ್ಣಿಗೆ ಕಾಣದ ಎರಡು ಚಿಹ್ನೆಗಳೂ ಬರುತ್ತವೆ. ಅವನ್ನು ಕತ್ತರಿಸಿ ಬಳಸಬೇಕು.

ಈ ಎರಡನೆಯ ವಿಧಾನಕ್ಕೆ ಇನ್ನೊಂದು ಪ್ರಯೋಜನವೂ ಇದೆ. ಇಂತಹ ಹೆಸರುಗಳು ಆಗಾಗ ಬದಲಾಗುತ್ತವೆ. 2014ರಲ್ಲಿ ಬಿಜಾಪುರ ಮತ್ತು ಗುಲ್ಬರ್ಗ ಕ್ರಮವಾಗಿ ವಿಜಯಪುರ ಮತ್ತು ಕಲಬುರಗಿ ಆದವು. 2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ವಿಜಯನಗರ ಜಿಲ್ಲೆ ಬೇರ್ಪಟ್ಟಿತು. ಹೆಸರುಗಳು ಕೋಷ್ಟಕದಲ್ಲಿದ್ದರೆ ಮ್ಯಾಕ್ರೋ ಬರೆಯಲು ಬಾರದ ಸಿಬ್ಬಂದಿಯೂ ಅವನ್ನು ತಿದ್ದಬಹುದು.

ಹೆಸರುಗಳನ್ನು ಪರಸ್ಪರ ಹೋಲಿಸುವಾಗಲೂ ಎಚ್ಚರ ಅಗತ್ಯ. ‘ಕೊಪ್ಪಳ’, ‘ಕೊಡಗು’ ಪದಗಳಲ್ಲಿರುವ ‘ಒ’ ಸ್ವರದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ 3274 ಎಂಬ ಒಂದೇ ಸಂಖ್ಯೆಯಿಂದಲೂ 3270 ಮತ್ತು 3266 ಎಂಬ ಎರಡು ಸಂಖ್ಯೆಗಳ ಜೋಡಿಯಿಂದಲೂ ಬರೆಯಬಹುದು. ಎರಡೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ, ಆದರೆ ಮ್ಯಾಕ್ರೋದ ಹೋಲಿಕೆಯಲ್ಲಿ ಬೇರೆ ಬೇರೆ ಪದಗಳಾಗುತ್ತವೆ. ಆದುದರಿಂದ ಹೆಸರಿನ ಬದಲು ಕ್ರಮಸಂಖ್ಯೆ ಅಥವಾ ಸಂಕೇತ ಸಂಖ್ಯೆಯನ್ನು ಹೋಲಿಸುವುದು ಸುರಕ್ಷಿತ.

## ಭದ್ರತೆ ಮತ್ತು ಮಿತಿಗಳು

ಮ್ಯಾಕ್ರೋಗಳನ್ನು ಕಂಪ್ಯೂಟರ್ ವೈರಸ್ ಹರಡಲೂ ಬಳಸಲಾಗಿದೆ. 1995ರ ‘ಕಾನ್ಸೆಪ್ಟ್’ ಮತ್ತು 1999ರ ‘ಮೆಲಿಸ್ಸಾ’ ವರ್ಡ್ ಮ್ಯಾಕ್ರೋಗಳ ಮೂಲಕ ಹರಡಿದ ಪ್ರಸಿದ್ಧ ವೈರಸ್‌ಗಳು. 2022ರಿಂದ ಮೈಕ್ರೋಸಾಫ್ಟ್, ಅಂತರಜಾಲದಿಂದ ಇಳಿಸಿಕೊಂಡ ಕಡತಗಳಲ್ಲಿನ ಮ್ಯಾಕ್ರೋಗಳನ್ನು ವಿಂಡೋಸ್‌ನಲ್ಲಿ ತಾನಾಗಿಯೇ ತಡೆಯುವ ವ್ಯವಸ್ಥೆಯನ್ನು ಜಾರಿಗೆ ತಂದಿತು. ವರ್ಡ್‌ನ ಜಾಲತಾಣ ಆವೃತ್ತಿಯಲ್ಲಿ ಮತ್ತು ಮೊಬೈಲ್ ಆವೃತ್ತಿಗಳಲ್ಲಿ ವಿಬಿಎ ಮ್ಯಾಕ್ರೋಗಳು ಓಡುವುದೇ ಇಲ್ಲ.

ಮ್ಯಾಕ್ರೋ ಓಡದಿದ್ದಾಗ ನಮೂನೆ ಹೊರನೋಟಕ್ಕೆ ಸರಿಯಾಗಿಯೇ ಕಾಣುತ್ತದೆ, ಆದರೆ ಉಪಪಟ್ಟಿ ಕೊನೆಯ ಬಾರಿ ಉಳಿಸಿದ ಸ್ಥಿತಿಯಲ್ಲೇ ಇರುತ್ತದೆ. ಅದರಲ್ಲಿ ಬೇರೊಂದು ವಿಭಾಗದ ಜಿಲ್ಲೆಗಳಿದ್ದರೆ ಬಳಕೆದಾರರಿಗೆ ತಪ್ಪು ಆಯ್ಕೆಗಳಷ್ಟೇ ದೊರೆಯುತ್ತವೆ. ಈ ಕಾರಣಕ್ಕೆ ನಮೂನೆಯನ್ನು ಹಂಚುವ ಮುನ್ನ ಉಪಪಟ್ಟಿಯನ್ನು ಬರಿದು ಮಾಡಿ, ‘ಮೊದಲು ವಿಭಾಗವನ್ನು ಆರಿಸಿ’ ಎಂಬ ಒಂದೇ ಅಂಶವನ್ನು ಅದರಲ್ಲಿ ಉಳಿಸಲಾಗುತ್ತದೆ. ಕಚೇರಿಯೊಳಗಿನ ಬಳಕೆಗಾದರೆ ಮ್ಯಾಕ್ರೋಗೆ ಡಿಜಿಟಲ್ ಸಹಿ ಹಾಕುವುದು ಅಥವಾ ಕಡತವನ್ನು ‘ವಿಶ್ವಾಸಾರ್ಹ ಸ್ಥಳ’ವೆಂದು ಗುರುತಿಸಿದ ಫೋಲ್ಡರ್‌ನಲ್ಲಿ ಇಡುವುದು ಸಾಧ್ಯ. ಕಳುಹಿಸಿದವರು ಯಾರೆಂದು ಖಚಿತವಿಲ್ಲದ ಕಡತದ ಮ್ಯಾಕ್ರೋಗಳನ್ನು ಸಕ್ರಿಯಗೊಳಿಸಬಾರದು.

## ಪರ್ಯಾಯಗಳು

ಲಿಬ್ರೆಆಫೀಸ್ ರೈಟರ್‌ನಲ್ಲಿ ‘ಲಿಸ್ಟ್ ಬಾಕ್ಸ್’ ಕಂಟ್ರೋಲ್‌ಗೆ ಆಯ್ಕೆ ಬದಲಾದಾಗ ನಡೆಯುವ ಘಟನೆಯಿದ್ದು, ಅದಕ್ಕೆ ಲಿಬ್ರೆಆಫೀಸ್ ಬೇಸಿಕ್‌ನ ಮ್ಯಾಕ್ರೋವನ್ನು ಜೋಡಿಸಬಹುದು. ಇದರ ಸಂಪಾದಕ ಯುನಿಕೋಡ್ ಅನ್ನು ಬೆಂಬಲಿಸುವುದರಿಂದ ಕನ್ನಡದ ಹೆಸರುಗಳನ್ನು ನೇರವಾಗಿ ಬರೆಯಬಹುದು.

ಮೈಕ್ರೋಸಾಫ್ಟ್ ಎಕ್ಸೆಲ್‌ನಲ್ಲಿ ಮ್ಯಾಕ್ರೋ ಇಲ್ಲದೆಯೇ, ‘ಡೇಟಾ ವ್ಯಾಲಿಡೇಶನ್’ ಸೌಲಭ್ಯ ಮತ್ತು ‘ಇಂಡೈರೆಕ್ಟ್’ ಸೂತ್ರವನ್ನು ಬಳಸಿ ಅವಲಂಬಿತ ಪಟ್ಟಿಯನ್ನು ರಚಿಸಬಹುದು. ಮ್ಯಾಕ್ರೋಗಳಿಗೆ ಅನುಮತಿಯಿಲ್ಲದ ಕಡೆ, ಅಥವಾ ಅಪರಿಚಿತರಾದ ಅನೇಕರು ತಮ್ಮ ತಮ್ಮ ಸಾಧನಗಳಲ್ಲಿ ಭರ್ತಿ ಮಾಡಬೇಕಾದ ಅರ್ಜಿಗಳಿಗೆ, ಜಾಲತಾಣದಲ್ಲಿನ ನಮೂನೆಗಳು ಹೆಚ್ಚು ಸೂಕ್ತ. ಒಂದೇ ಕಚೇರಿಯೊಳಗೆ ಸುತ್ತಾಡುವ, ಕೊನೆಗೆ ಮುದ್ರಿತ ಪ್ರತಿಯಾಗಿ ಕಡತ ಸೇರುವ ನಮೂನೆಗಳಿಗೆ ಪದಸಂಸ್ಕಾರಕದ ಅವಲಂಬಿತ ಪಟ್ಟಿ ಉಪಯುಕ್ತವಾಗಿದೆ.