ಪಾರ್ಕಿನ್ಸನ್ ಮಾತ್ರೆಯಿಂದ ಜೂಜಿನ ಚಟ ಹತ್ತಬಹುದೇ?

ಹತ್ತಬಹುದು. ಜೀವಮಾನದಲ್ಲಿ ಒಂದು ಲಾಟರಿ ಟಿಕೆಟನ್ನೂ ಕೊಳ್ಳದವರು ಪಾರ್ಕಿನ್ಸನ್ ಕಾಯಿಲೆಗೆ ಪ್ರಾಮಿಪೆಕ್ಸೋಲ್ ಅಥವಾ ರೋಪಿನಿರೋಲ್ ಮಾತ್ರೆ ಶುರುಮಾಡಿದ ಮೇಲೆ ಹಣ ಕಟ್ಟಿ ಆಡತೊಡಗಿದ ಉದಾಹರಣೆಗಳಿವೆ. ಮನೆಯವರು ಇದನ್ನು ಇಳಿವಯಸ್ಸಿನ ದುರ್ಬುದ್ಧಿ ಎಂದು ಬೈಯುವುದೇ ಹೆಚ್ಚು. ಆದರೆ ಇದು ಔಷಧದ ಅಡ್ಡಪರಿಣಾಮ ಇರಬಹುದು.

ಕಾರಣ ತಿಳಿಯಲು ಡೋಪಮಿನ್ ಕೆಲಸ ಮಾಡುವ ರೀತಿಯನ್ನು ನೋಡಬೇಕು. ವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಪರೀಕ್ಷಿಸಿದರು. ಅನಿರೀಕ್ಷಿತವಾಗಿ ರಸ ಸಿಕ್ಕಾಗ ಡೋಪಮಿನ್ ನರಕೋಶಗಳು ಚುರುಕಾದವು. ಖಂಡಿತ ಸಿಗುತ್ತದೆ ಎಂದು ಗೊತ್ತಾದ ಮೇಲೆ ಸಿಕ್ಕರೂ ಸುಮ್ಮನಿದ್ದವು. ಸಿಗಬೇಕಾದದ್ದು ತಪ್ಪಿದಾಗ ಮಂಕಾದವು. 2003ರಲ್ಲಿ ಇದೇ ತಂಡ ಇನ್ನೊಂದು ಸಂಗತಿ ಗಮನಿಸಿತು: ಸಿಗುವ ಮತ್ತು ಸಿಗದಿರುವ ಸಾಧ್ಯತೆ ಸಮಸಮ ಇದ್ದಾಗ, ಕಾಯುವ ಹೊತ್ತಿನಲ್ಲಿ ಈ ಕೋಶಗಳ ಚಟುವಟಿಕೆ ನಿಧಾನವಾಗಿ ಏರುತ್ತ ಹೋಯಿತು. ಜೂಜಿನ ಸೆಳೆತ ಗೆಲುವಿಗಿಂತ ಕಾಯುವುದರಲ್ಲೇ ಇದೆ ಎಂದು ಆಡುವವರು ಹೇಳುವುದು ಸುಳ್ಳಲ್ಲ.

ಸೋತಾಗ ಡೋಪಮಿನ್ ಇಳಿಯಬೇಕು. ಸೋಲಿನಿಂದ ಮೆದುಳು ಪಾಠ ಕಲಿಯುವುದು ಹೀಗೆ. ಈ ಮಾತ್ರೆಗಳು ಡೋಪಮಿನ್ ಗ್ರಾಹಕಗಳನ್ನು ಸದಾ ಉತ್ತೇಜಿಸುತ್ತಿರುವುದರಿಂದ ಆ ಇಳಿತ ಮೆದುಳಿಗೆ ಸರಿಯಾಗಿ ನಾಟುವುದಿಲ್ಲ ಎಂಬುದು ಮುಖ್ಯ ವಿವರಣೆ. ಜೊತೆಗೆ, ಪಾರ್ಕಿನ್ಸನ್‌ನಲ್ಲಿ ಚಲನೆಯ ಭಾಗದಲ್ಲಿ ಡೋಪಮಿನ್ ಮೊದಲು ಸೊರಗುತ್ತದೆ. ಆಸೆ–ಪ್ರತಿಫಲಕ್ಕೆ ಸಂಬಂಧಿಸಿದ ಭಾಗ ಅಷ್ಟು ಸೊರಗಿರುವುದಿಲ್ಲ. ಕೈಕಾಲಿಗೆ ಸರಿಹೋಗುವ ಪ್ರಮಾಣ ಅಲ್ಲಿಗೆ ಹೆಚ್ಚಾಗುತ್ತದೆ.

ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಈ ಗುಂಪಿನ ಮಾತ್ರೆ ಸೇವಿಸುವವರಲ್ಲಿ ಸುಮಾರು ಶೇ 17, ಸೇವಿಸದವರಲ್ಲಿ ಶೇ 7 ಮಂದಿಗೆ ಜೂಜು, ಮಿತಿಮೀರಿದ ಖರೀದಿ, ತಿನ್ನುವ ಚಪಲ ಅಥವಾ ಅತಿಯಾದ ಲೈಂಗಿಕ ಆಸಕ್ತಿ – ಇವುಗಳಲ್ಲಿ ಒಂದಾದರೂ ಇತ್ತು.

ರೋಗಿಗಳು ತಾವಾಗಿ ಬಾಯಿಬಿಡುವುದು ಅಪರೂಪ, ನಾಚಿಕೆ ಅಡ್ಡ ಬರುತ್ತದೆ. ರಾತ್ರಿ ನಿದ್ದೆಗೆಟ್ಟು ಮೊಬೈಲ್ ಹಿಡಿದಿದ್ದರೆ, ಬ್ಯಾಂಕಿನ ಮೆಸೇಜ್ ಬಚ್ಚಿಟ್ಟರೆ, ಇದ್ದಕ್ಕಿದ್ದಂತೆ ಸಾಲ ಕೇಳಿದರೆ, ಗದರದೆ ವಿಚಾರಿಸಿ ನರರೋಗ ತಜ್ಞರಿಗೆ ತಿಳಿಸಿ. ಹಣದ ವ್ಯವಹಾರವನ್ನು ಅವರ ಒಪ್ಪಿಗೆಯಿಂದಲೇ ಸ್ವಲ್ಪ ಕಾಲ ನೀವು ನೋಡಿಕೊಳ್ಳಿ.

ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಮೈ ಬಿಗಿತ ಮರುಕಳಿಸಬಹುದು, ತೀವ್ರ ಕಳವಳ ಮತ್ತು ಖಿನ್ನತೆಯೂ ಬರಬಹುದು. ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ ಅಥವಾ ಬೇರೆ ಔಷಧ ಕೊಡುತ್ತಾರೆ. ಹೆಚ್ಚಿನವರಲ್ಲಿ ಸೆಳೆತ ತಗ್ಗುತ್ತದೆ. ಹಿಂದೆ ಜೂಜು ಅಥವಾ ಕುಡಿತದ ಅಭ್ಯಾಸವಿದ್ದರೆ ಮಾತ್ರೆ ಶುರುಮಾಡುವ ಮೊದಲೇ ಹೇಳಿಬಿಡಿ. ಮಾನಸಿಕ ನೆರವಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತನಾಡಬಹುದು.